ಬೊಂಡಾಸದ ಅಕ್ಕೋರು

ಅಕ್ಕೋರು ತೀರಿಕೊಂಡ ಸುದ್ದಿ ನನಗೆ ತಡವಾಗಿ ಮುಟ್ಟಿತು. ಮದ್ರಾಸಿನಲ್ಲಿ ಓದುತ್ತಿರುವ ನನ್ನ ತಂಗಿಯ ಮೊಮ್ಮಗಳು ರಜೆಗೆ ಬಂದವಳು, ಬೇರೇನೋ ಮಾತಿನ ನಡುವೆ, "ಅಜ್ಜೀ, ನೀ ಹೇಳ್ತಿದ್ದೆಯಲ್ಲ, ಸಮುದ್ರದ ಪ್ರಾಣಿ ಓದಿದ ಮೇಡಮ್ಮು, ಅವರು ಹೋಗಿಬಿಟ್ರಂತ" ಅಂದಳು. ನಾನು ಅವರೆಕಾಯಿ ಸುಲಿಯುತ್ತಿದ್ದೆ. ಕೈ ನಿಲ್ಲಿಸಲಿಲ್ಲ. ಅವರ ವಯಸ್ಸಿಗೆ ಅದೇನೂ ಆಶ್ಚರ್ಯದ ಸಾವಲ್ಲ. ಆದರೂ ಅವತ್ತು ಸಂಜೆತನಕ ಮೂಗಿನಲ್ಲಿ ಸ್ಪಿರಿಟ್ಟಿನ ವಾಸನೆ ಸುಳಿಯುತ್ತಲೇ ಇತ್ತು.

ನಮ್ಮ ಕಡೆ ಸಾಲಿ ಕಲಿಸುವ ಹೆಂಗಸರಿಗೆ ಅಕ್ಕೋರು ಅನ್ನುತ್ತಾರೆ. ಅವರು ಮದ್ರಾಸಿನ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದರು. ನಮ್ಮ ಮನೆಯವರಿಗೆ ಕಾಲೇಜೂ ಸಾಲಿಯೇ. ಹಾಗಾಗಿ ನಮ್ಮಲ್ಲಿಗೆ ಬಂದ ದಿನವೇ ಅವರು ಅಕ್ಕೋರಾದರು. ಅವರ ನಿಜವಾದ ಹೆಸರು ಹಿಡಿದು ನಮ್ಮ ಮನೆಯಲ್ಲಿ ಯಾರೂ ಕರೆದದ್ದು ನನಗೆ ನೆನಪಿಲ್ಲ.

ಅದು ಜಪಾನಿನವರ ಬಾಂಬು ಬೀಳುತ್ತದೆಂದು ಮದ್ರಾಸಿನ ಜನ ಗಂಟುಮೂಟೆ ಕಟ್ಟಿಕೊಂಡು ಊರು ಬಿಟ್ಟ ಬೇಸಿಗೆ. ನನ್ನ ಮಾವನವರದು ಹೊಸಪೇಟೆಯಲ್ಲಿ ಬೆಲ್ಲದ ವ್ಯಾಪಾರ. ಕಂಪ್ಲಿ ಕಡೆಯ ಆಲೆಮನೆಗಳ ಬೆಲ್ಲ ಕೊಂಡು ಮದ್ರಾಸಿನ ಮಂಡಿಗೆ ಕಳಿಸುತ್ತಿದ್ದರು. ಆ ಮಂಡಿಯವರ ಮಗಳು ಅಕ್ಕೋರ ಹತ್ತಿರ ಓದಿದವಳು. "ಒಬ್ಬಂಟಿ ಹೆಣ್ಣುಮಗಳು, ನಿಮ್ಮಲ್ಲಿ ಒಂದಿಷ್ಟು ದಿನ ಇರಲಿ" ಎಂದು ಮಂಡಿಯವರು ಹೇಳಿಕಳಿಸಿದರು. ಮಾವನವರು ಆಗಲಿ ಅಂದರು. ಅಕ್ಕೋರ ತವರು ಮಂಗಳೂರಿನ ಕಡೆ. "ಅಲ್ಲಿಗ್ಯಾಕ ಹೋಗಲಿಲ್ರಿ?" ಎಂದು ನಾನು ಒಮ್ಮೆ ಕೇಳಿದ್ದೆ. "ಹೋದರೆ ಅಣ್ಣಂದಿರು ಮತ್ತೆ ಹೊರಗೆ ಬಿಡೋದಿಲ್ಲ ತಂಗಿ. ಗಂಡು ನೋಡಿಡ್ತಾರೆ" ಅಂದರು. ಆಗ ಅವರಿಗೆ ಮೂವತ್ತು ದಾಟಿತ್ತು.

ಸ್ಟೇಷನ್ನಿನಿಂದ ಅವರು ಎತ್ತಿನ ಗಾಡಿಯ ಜೊತೆ ನಡೆದೇ ಬಂದರು. ಗಾಡಿಯ ತುಂಬ ಕಟ್ಟಿಗೆಯ ಪೆಟ್ಟಿಗೆಗಳು, ಪೆಟ್ಟಿಗೆಗಳ ತುಂಬ ಭತ್ತದ ಹುಲ್ಲು. ಕುಳಿತು ಬರುವಷ್ಟು ಜಾಗವಿದ್ದರೂ, ದಾರಿಯ ಗುಂಡಿಗೆ ಗಾಲಿ ಬಿದ್ದಾಗಲೆಲ್ಲ ಪೆಟ್ಟಿಗೆ ಹಿಡಿದುಕೊಳ್ಳಬೇಕಿತ್ತಂತೆ. ಉದ್ದ ದೇಹ, ದಪ್ಪ ಗಾಜಿನ ಕನ್ನಡಕ, ಅರಿಸಿನ ಕುಟ್ಟಿದವರ ಹಾಗೆ ಹಳದಿಗಟ್ಟಿದ ಬೆರಳ ತುದಿಗಳು. ನನ್ನ ಅತ್ತೆ ಆ ಪೆಟ್ಟಿಗೆಗಳನ್ನು ನೋಡಿ ಸಮುದ್ರದ ಕಡೆಯ ಉಪ್ಪಿನಕಾಯಿ ಬಂತೆಂದುಕೊಂಡರು. ಮೊದಲ ಪೆಟ್ಟಿಗೆ ಬಿಚ್ಚುವಾಗ ಪಕ್ಕದಲ್ಲೇ ಕೂತಿದ್ದರು. ಹುಲ್ಲು ಸರಿಸಿದಾಗ ದೊಡ್ಡ ಗಾಜಿನ ಸೀಸೆಯೊಳಗೆ, ಸ್ಪಿರಿಟ್ಟಿನಲ್ಲಿ ಮುಳುಗಿ ಬಿಳಿಚಿಕೊಂಡ ಒಂದು ಪ್ರಾಣಿ, ತಲೆಗೆ ಅಂಟಿದ ಕೈಗಳನ್ನೆಲ್ಲ ಮುದುರಿಕೊಂಡು, ನಮ್ಮನ್ನು ನೋಡುತ್ತಿತ್ತು.

"ಏನವ್ವ ಇದು?"

"ಬೊಂಡಾಸ. ಸಮುದ್ರದ್ದು."

"ಮೀನಾ?"

"ಮೀನಲ್ಲ ಅಮ್ಮ. ಇದಕ್ಕೆ ಎಲುಬಿಲ್ಲ. ಶಂಖ, ಕಪ್ಪೆಚಿಪ್ಪು ಇರ್ತದಲ್ಲ, ಅವುಗಳ ಸಂಬಂಧ. ಚಿಪ್ಪು ಕಳಕೊಂಡ ನೆಂಟ."

ಅತ್ತೆ ಸೆರಗು ಮೂಗಿಗೆ ಒತ್ತಿ ಎದ್ದರು. "ಮನ್ಯಾಗ ದಿನಾ ಲಿಂಗಪೂಜಿ ನಡೀತೈತಿ. ಇವು ಒಳಗ ಬರೂದು ಬ್ಯಾಡ. ನೀವು ಬರ್ರಿ, ನಿಮಗ ಬ್ಯಾಡ ಅನ್ನಂಗಿಲ್ಲ. ಇವು ಮಾತ್ರ ಬ್ಯಾಡ."

ಅಕ್ಕೋರು ಪೆಟ್ಟಿಗೆಯ ಮುಚ್ಚಳ ಮತ್ತೆ ಮುಚ್ಚಿ, ಅಂಗಳದಲ್ಲಿ ಅದರ ಪಕ್ಕಕ್ಕೇ ನಿಂತರು. ಮಾವನವರು ಸ್ವಲ್ಪ ಹೊತ್ತು ಮೀಸೆ ಸವರಿಕೊಂಡು, "ಹಿತ್ತಲದಾಗ ಬೆಲ್ಲದ ಗೋದಾಮು ಖಾಲಿ ಐತಿ. ಅಲ್ಲಿ ಇಟಗೊಳ್ರಿ. ಮುಟ್ಟಿದ ಮ್ಯಾಲೆ ಬಾವಿ ನೀರಾಗ ಸ್ನಾನ ಮಾಡಿ ಒಳಗ ಬರ್ರಿ" ಅಂದರು. ಅಕ್ಕೋರು ನಮ್ಮ ಮನೆಯಲ್ಲಿದ್ದಷ್ಟು ದಿನ ಈ ಕಟ್ಟಳೆ ಒಮ್ಮೆಯೂ ತಪ್ಪಲಿಲ್ಲ. ಚಳಿಗಾಲದಲ್ಲೂ ಹಿತ್ತಲಿನಿಂದ ಬಾವಿಗೆ, ಬಾವಿಯಿಂದ ಅಡಿಗೆಮನೆಗೆ. ಬರಬರುತ್ತಾ ಅತ್ತೆಯೇ, "ಇವತ್ತ ಕೈಕಾಲು ತೊಳಕೊಂಡ್ರ ಸಾಕ್ರಿ" ಅನ್ನತೊಡಗಿದರು. ಅಕ್ಕೋರು ಕೇಳುತ್ತಿರಲಿಲ್ಲ.

ಗೋದಾಮಿಗೆ ಹೋಗಿ ಅವರನ್ನು ಊಟಕ್ಕೆ ಕರೆಯುವುದು ನನ್ನ ಪಾಲಿಗೆ ಬಂತು. ಮದುವೆಯಾಗಿ ವರ್ಷ ಕಳೆದಿರಲಿಲ್ಲ, ಕಂಪ್ಲಿಯ ತವರಿನ ಗುಂಗು ಇನ್ನೂ ಬಿಟ್ಟಿರಲಿಲ್ಲ. ಆ ಮನೆಯಲ್ಲಿ ನನ್ನನ್ನು ಯಾರೂ ಬೈಯುತ್ತಿರಲಿಲ್ಲ. ಯಾರೂ ಏನೂ ಕೇಳುತ್ತಲೂ ಇರಲಿಲ್ಲ. ಅಕ್ಕೋರು ಮೊದಲ ದಿನವೇ ಭೂತಗನ್ನಡಿಯನ್ನು ನನ್ನ ಕೈಗೆ ಕೊಟ್ಟು, "ಏನು ಕಾಣ್ತದೆ ಹೇಳು" ಅಂದರು.

"ಚುಕ್ಕಿ ಅದಾವ್ರಿ."

"ಎಂಥ ಚುಕ್ಕಿ?"

"ಕೆಂಪು ಚುಕ್ಕಿ."

"ಬರೀ ಕೆಂಪಾ? ಸರಿಯಾಗಿ ನೋಡು. ಅವಸರ ಇಲ್ಲ."

ನೋಡುತ್ತಾ ಹೋದಂತೆ ಆ ಚುಕ್ಕಿಗಳ ನಡುವೆ ಕನ್ನಡಿಯ ಚೂರಿನಂತೆ ಹೊಳೆಯುವ ಬೇರೆ ಚುಕ್ಕಿಗಳು ಕಂಡವು. ಅವು ದೀಪಗಳಂತೆ. ಬಿಸಿಲು ತಲುಪದ ಆಳದಲ್ಲಿ ಈ ಪ್ರಾಣಿ ತನ್ನ ಮೈಯಲ್ಲೇ ಬೆಳಕು ಹೊತ್ತುಕೊಂಡು ತಿರುಗುತ್ತದಂತೆ. ಹೇಳುವಾಗ ಅವರ ದನಿ ಏರಲಿಲ್ಲ, ಇಳಿಯಲೂ ಇಲ್ಲ. ನಾನು ಮಾತ್ರ ಮನೆಯೊಳಗೆ ಬಂದು ರೊಟ್ಟಿ ಬಡಿಯುವಾಗಲೂ ಅದನ್ನೇ ಯೋಚಿಸುತ್ತಿದ್ದೆ.

ರೊಟ್ಟಿ ಅವರಿಗೆ ಬಗ್ಗಲಿಲ್ಲ. ಜೋಳದ ರೊಟ್ಟಿಯನ್ನು ಹೇಗೆ ಮುರಿಯಬೇಕೆಂದು ಅತ್ತೆ ಎಷ್ಟು ಸಲ ತೋರಿಸಿಕೊಟ್ಟರೋ. ಅಕ್ಕೋರು ಅದನ್ನು ಎರಡೂ ಕೈಯಲ್ಲಿ ಹಿಡಿದು ಕಾಗದ ಹರಿದಂತೆ ಹರಿಯುತ್ತಿದ್ದರು. ಮೀನು ತಿಂದು ಬೆಳೆದ ಮನೆಯವರು. "ನಿಮಗ ಮೀನು ನೆನಪಾಗಂಗಿಲ್ಲೇನ್ರಿ?" ಎಂದು ಅತ್ತೆ ಕುತೂಹಲಕ್ಕೆ ಕೇಳಿದರೆ, "ದಿನಾ ನೋಡ್ತಾ ಇರ್ತೇನಲ್ಲ ಅಮ್ಮ, ಆಸೆ ಹೋಗಿದೆ" ಅಂದರು. ಅದು ಸುಳ್ಳೆಂದು ನನಗೆ ಗೊತ್ತಿತ್ತು. ಒಮ್ಮೆ ಹೊಳೆ ದಂಡೆಯಲ್ಲಿ ಬೆಸ್ತರು ಮೀನು ಸುಡುತ್ತಿದ್ದಾಗ ಅವರು ಮಾತು ನಿಲ್ಲಿಸಿ ಗಾಳಿ ಬರುವ ದಿಕ್ಕಿಗೆ ಮುಖ ಮಾಡಿ ನಿಂತದ್ದನ್ನು ನಾನು ನೋಡಿದ್ದೆ.

ಅದು ಹಂಪಿಗೆ ಹೋದ ದಿನ. ಹೊಳೆ ದಾಟಲು ಹರಿಗೋಲು ಹತ್ತಿದ್ದೇ ತಡ, ಅಕ್ಕೋರು ಕಣ್ಣು ಮುಚ್ಚಿ ನನ್ನ ಮಣಿಕಟ್ಟು ಹಿಡಿದುಕೊಂಡರು. ಹರಿಗೋಲು ತಿರುಗಿದಂತೆಲ್ಲ ಹಿಡಿತ ಬಿಗಿಯಾಯಿತು. ಆಚೆ ದಡದಲ್ಲಿ ನೋಡಿದರೆ ನನ್ನ ಕೈ ಮೇಲೆ ಅವರ ಬೆರಳುಗಳು ಕೆಂಪಗೆ ಮೂಡಿದ್ದವು.

"ಸಮುದ್ರದ ಪ್ರಾಣಿ ಓದಿದೋರು, ಹೊಳಿಗೆ ಹೆದರ್ತೀರಲ್ರಿ ಅಕ್ಕೋರ" ಅಂದೆ.

"ಓದಿದ್ದಕ್ಕೇ ಹೆದರಿಕೆ. ಕೆಳಗೆ ಏನೇನಿರ್ತದೆ ಅಂತ ನನಗೆ ಗೊತ್ತಲ್ಲ."

ಅವರು ಒಮ್ಮೆಯೂ ಸಮುದ್ರದೊಳಗೆ ಹೋದವರಲ್ಲ. ಬೆಸ್ತರು ತಂದದ್ದನ್ನು ದಂಡೆಯಲ್ಲಿ ನಿಂತು ನೋಡುವುದಷ್ಟೇ. ಮದ್ರಾಸಿನ ಹತ್ತಿರ ಒಂದು ಕುಪ್ಪವಿತ್ತು, ಬೆಸ್ತರ ಕೇರಿ. ಅಲ್ಲಿನವರು ಮರದ ದಿಮ್ಮಿಗಳನ್ನು ಹಗ್ಗದಿಂದ ಬಿಗಿದ ಕಟ್ಟುಮರದ ಮೇಲೆ ಕಡಲಿಗೆ ಹೋಗುತ್ತಿದ್ದರು. ಬೆಳಗಿನ ಹೊತ್ತು ಅವರು ದಡ ಸೇರುವಾಗ ಅಕ್ಕೋರು ಸೀರೆಯ ನೆರಿಗೆ ಎತ್ತಿ ಹಿಡಿದು ಮರಳಲ್ಲಿ ಕಾಯುತ್ತಿದ್ದರಂತೆ. ಆ ದೊಡ್ಡ ಸೀಸೆಯಲ್ಲಿದ್ದ ಕೆಂಪು ಬೊಂಡಾಸ ಸಿಕ್ಕಿದ್ದು ಅಲ್ಲಿಯೇ. ಗುಂಡುಕಲ್ಲು ಕಟ್ಟಿ ಬಿಟ್ಟರೂ ತಳ ಮುಟ್ಟದ ಜಾಗದಲ್ಲಿ ಒಬ್ಬ ಬೆಸ್ತ ಉದ್ದನೆಯ ಗಾಳದ ದಾರ ಬಿಟ್ಟಿದ್ದ. ದಾರದ ತುದಿಗೆ ಬಂದದ್ದು ಇದು. ಸೀಸೆಯಲ್ಲಿ ಬಣ್ಣ ಮಾಸಿತ್ತು. ಹೊಸದರಲ್ಲಿ ಹೇಗಿತ್ತೆಂದು ಕೇಳಿದರೆ ಅಕ್ಕೋರು ಕಿಟಕಿಯಿಂದ ಸಂಡೂರಿನ ಗುಡ್ಡಗಳ ಕಡೆ ಕೈ ತೋರಿಸಿದರು. ಮಳೆ ಬಿದ್ದ ಮೇಲೆ ಅಲ್ಲಿಯ ಮಣ್ಣು ಹೇಗಿರುತ್ತದೋ ಆ ಬಣ್ಣವಂತೆ.

ಅದರ ವಿಶೇಷ ಬಣ್ಣದಲ್ಲಿರಲಿಲ್ಲ. ಅದರ ಎಡಗಣ್ಣು ನಿಂಬೆಹಣ್ಣಿನಷ್ಟು ದೊಡ್ಡದು, ಬಲಗಣ್ಣು ಅದರ ಅರ್ಧದಷ್ಟೂ ಇಲ್ಲ. ಕುಪ್ಪದವರು ನೋಡಿ ಕೆಟ್ಟ ಶಕುನವೆಂದರು. ಆ ಬೆಸ್ತನ ಹೆಂಡತಿ ಅದನ್ನು ಮನೆಯ ಹತ್ತಿರವೂ ತರಗೊಡಲಿಲ್ಲ. ಅವನ ಕಟ್ಟುಮರದಲ್ಲಿ ಜೊತೆಗೆ ಹೋಗುತ್ತಿದ್ದವನು ಬೇರೆಯವರ ಜೊತೆ ಹೋಗತೊಡಗಿದ. ಅಕ್ಕೋರ ಕಾಲೇಜಿನ ಮುಖ್ಯಸ್ಥರು ಒಂದು ನೋಟ ಹಾಯಿಸಿ, "ಸಾಧಾರಣ ಜಾತಿಯದು, ಹುಟ್ಟಾ ಊನ. ಎಸೆದುಬಿಡಿ" ಅಂದರು. ಊರು ಬಿಡುವ ಗಡಿಬಿಡಿಯಲ್ಲಿ ಕಾಲೇಜಿನವರು ಜೋಪಾನವಾಗಿ ಕಟ್ಟಿ ಕಳಿಸಿದ ವಸ್ತುಗಳಲ್ಲಿ ಈ ಸೀಸೆಗಳು ಇರಲಿಲ್ಲ. ಅದಕ್ಕೇ ಅಕ್ಕೋರು ತಾವೇ ಹೊತ್ತು ತಂದಿದ್ದರು.

"ಅವರು ಹೇಳಿದ್ದು ತಪ್ಪೇನ್ರಿ?" ಎಂದು ನಾನು ಕೇಳಿದೆ.

"ನನಗೂ ಗೊತ್ತಿಲ್ಲ. ಒಂದನ್ನೇ ನೋಡಿ ಏನೂ ಹೇಳಲಿಕ್ಕೆ ಆಗೋದಿಲ್ಲ. ನಿಮ್ಮ ಊರಿಗೆ ಗುರುತಿಲ್ಲದ ಒಬ್ಬ ಕುಂಟ ಬಂದ ಅನ್ನು. ಅವನ ಊರಿನವರೆಲ್ಲ ಕುಂಟರು ಅಂತೀಯಾ?"

"ಇಲ್ರಿ."

"ಇಬ್ಬರು ಬಂದರೆ? ಇಬ್ಬರದೂ ಎಡಗಾಲೇ ಕುಂಟಾದರೆ?"

"ಅವಾಗ ವಿಚಾರ ಮಾಡಬೇಕಾಗ್ತೈತ್ರಿ."

"ಹಾಂ. ನಾನು ಎರಡನೆಯವನಿಗೆ ಕಾಯ್ತಾ ಇದ್ದೇನೆ."

ಕಾಯುವುದರ ನಡುವೆ ಅವರು ಮಾಡಬಹುದಾದದ್ದನ್ನೆಲ್ಲ ಮಾಡುತ್ತಿದ್ದರು. ಕೈಗಳ ಮೇಲಿನ ಬಟ್ಟಲಿನಂಥ ಹೀರುಗುಳಿಗಳು ಎಷ್ಟು ಸಾಲು, ಅವುಗಳ ಅಂಚಿಗೆ ಹಲ್ಲಿದೆಯೋ ಇಲ್ಲವೋ, ಕೈಗಳ ನಡುವೆ ಬಾತುಕೋಳಿಯ ಕಾಲಿನಂಥ ತೊಗಲಿದೆಯೋ ಎಂದು ನೋಡಿದ್ದನ್ನೇ ಮತ್ತೆ ನೋಡುತ್ತಿದ್ದರು. ಖಚಿತವಾಗಿ ಹೇಳಬೇಕಾದರೆ ಮೈ ಸೀಳಿ ಒಳಗಿನ ಗರಿಯಂಥ ಎಸಳನ್ನೂ ಬಾಯೊಳಗಿನ ಗಿಳಿಕೊಕ್ಕನ್ನೂ ಹೊರಗೆ ತೆಗೆಯಬೇಕಿತ್ತು. ಸೀಳಿದರೆ ಇದ್ದ ಒಂದೂ ಹಾಳು. ಎಷ್ಟೋ ಸಲ ಸಣ್ಣ ಕತ್ತಿ ಹಿಡಿದು ಕೂತು, ಹಾಗೇ ಒರೆಸಿ ಇಟ್ಟುಬಿಟ್ಟದ್ದನ್ನು ನೋಡಿದ್ದೇನೆ.

ಇನ್ನೊಂದು ಫಜೀತಿಯೂ ಆಯಿತು. ಬೆಲ್ಲದ ಗೋದಾಮಿನಿಂದ ಸ್ಪಿರಿಟ್ಟಿನ ವಾಸನೆ ಬಂದರೆ ಊರವರು ಏನೆಂದುಕೊಂಡಾರು? ಸಾಹುಕಾರರು ಭಟ್ಟಿ ಇಳಿಸುತ್ತಿದ್ದಾರೆಂದು ಯಾರೋ ಹೇಳಿ, ಅಬಕಾರಿಯ ಒಬ್ಬ ಸಾಹೇಬರು ಜವಾನನನ್ನು ಕರೆದುಕೊಂಡು ಬಂದರು. ಮಾವನವರ ಮುಖ ಕಪ್ಪಿಟ್ಟಿತು. ಅಕ್ಕೋರು ತಮ್ಮಲ್ಲಿದ್ದ ಪರವಾನಗಿ ತೋರಿಸಿದರು. ಸಾಹೇಬರಿಗೆ ಅದರಿಂದ ಸಮಾಧಾನವಾಗಲಿಲ್ಲ, ಸೀಸೆಗಳನ್ನು ನೋಡಲೇಬೇಕೆಂದರು. ಅಕ್ಕೋರು ದೊಡ್ಡ ಸೀಸೆ ಎತ್ತಿ ಅವರ ಮುಖದ ಮುಂದೆ ಹಿಡಿದು, ಯಾವ ಕಣ್ಣು ಯಾಕೆ ದೊಡ್ಡದಿರಬಹುದೆಂದು ನಿಧಾನವಾಗಿ ವಿವರಿಸತೊಡಗಿದರು. ಸಾಹೇಬರು ಅರ್ಧಕ್ಕೇ ಎದ್ದರು. ಅತ್ತೆ ತಂದ ಮಜ್ಜಿಗೆಯನ್ನೂ ಮುಟ್ಟಲಿಲ್ಲ. ಆ ಮೇಲೆ ಅತ್ತೆ ಬಹಳ ದಿನ, "ನಮ್ಮ ಮಜ್ಜಿಗಿ ಮ್ಯಾಲೂ ಸಂಶೆ ಬಂತು ನೋಡು" ಎಂದು ನಗುತ್ತಿದ್ದರು. ಅಕ್ಕೋರ ವಿಷಯಕ್ಕೆ ಅವರು ನಕ್ಕದ್ದು ಅದೇ ಮೊದಲು.

ಬಾಂಬಿನ ಹೆದರಿಕೆ ಸ್ವಲ್ಪ ತಗ್ಗಿದಾಗ ಮಾವನವರು ವ್ಯಾಪಾರದ ಕೆಲಸಕ್ಕೆ ಮದ್ರಾಸಿಗೆ ಹೊರಟರು. ಏನಾದರೂ ತರಬೇಕೇನು ಎಂದು ಅಕ್ಕೋರನ್ನು ಕೇಳಿದರು. "ಏನೂ ಬೇಡ ಯಜಮಾನ್ರೇ. ಆಗುವುದಾದರೆ ಆ ಕುಪ್ಪದ ಕಡೆ ಹೋಗಿ, ಅವರೆಲ್ಲ ಇದ್ದಾರೋ ಇಲ್ಲವೋ ಕೇಳಿ ಬನ್ನಿ. ಊರೆಲ್ಲ ಖಾಲಿಯಾದರೂ ಅವರು ಸಮುದ್ರ ಬಿಟ್ಟು ಎಲ್ಲಿಗೆ ಹೋದಾರು" ಅಂದರು. ಬೆಸ್ತನ ಹೆಸರನ್ನೂ ಗುಡಿಸಲಿನ ಗುರುತನ್ನೂ ಹೇಳಿದರು.

ಮಾವನವರು ಮರಳಿ ಬಂದದ್ದು ಮಧ್ಯಾಹ್ನದ ರೈಲಿಗೆ. ಮುಂಬಾಗಿಲಿಗೆ ಬರದೆ ಓಣಿ ಸುತ್ತಿ ಹಿತ್ತಲ ಬಾಗಿಲಿಗೆ ಬಂದರು. ಕೈಯಲ್ಲಿ ಬಾಯಿಗೆ ಬಾಳೆಎಲೆ ಕಟ್ಟಿದ ಒಂದು ಮಣ್ಣಿನ ಮಡಕೆ. ಅದನ್ನು ಗೋದಾಮಿನ ಹೊಸ್ತಿಲ ಮೇಲಿಟ್ಟು, ನೆಟ್ಟಗೆ ಬಾವಿಕಟ್ಟೆಗೆ ಹೋಗಿ ಕೂತರು. ಕೊರಳಲ್ಲಿ ಲಿಂಗ ಕಟ್ಟಿದ ಮನುಷ್ಯ, ನೀರುಳ್ಳಿ ಹೆಚ್ಚಿದ ಕೈಯಿಂದ ಪೂಜೆಯ ಹೂ ಮುಟ್ಟಿದರೂ ಸಿಡುಕುವವರು. ಮದ್ರಾಸಿನಿಂದ ಹೊಸಪೇಟೆಯ ತನಕ ಆ ಮಡಕೆಯನ್ನು ಕಾಲಬುಡದಲ್ಲಿಟ್ಟುಕೊಂಡು ಬಂದಿದ್ದರು. ದಾರಿಯುದ್ದಕ್ಕೂ ಒಂದು ತುತ್ತು ತಿಂದಿರಲಿಲ್ಲ. ಡಬ್ಬಿಯಲ್ಲಿದ್ದವರು ವಾಸನೆಗೆ ಗೊಣಗಿದಾಗ ಔಷಧಿ ಎಂದು ಹೇಳಿದ್ದರಂತೆ.

ಅತ್ತೆ ಬಂದು ನಿಂತು ನೋಡಿದರು. ನೀರು ಸೇದಿ ಅವರ ತಲೆಯ ಮೇಲೆ ಹೊಯ್ದರು. ಕೊಡದ ಮೇಲೆ ಕೊಡ ಹೊಯ್ದು, ಕಡೆಗೆ, "ಬ್ಯಾಡ ಅನಬೇಕಿತ್ತು" ಅಂದರು.

"ಅನಬೇಕಂತಲೇ ಇದ್ದೆ" ಮಾವನವರು ಮುಖ ಒರೆಸಿಕೊಂಡರು. "ಆ ಬೆಸ್ತ ತೆಲುಗು ಬಲ್ಲ, ನಾನೂ ಮಾತಾಡಿದೆ. ಅಕ್ಕೋರು ಬರ್ತಾರಂತ ಇಷ್ಟು ದಿನ ಉಪ್ಪಿನಾಗ ಇಟ್ಟಿದ್ನಂತ. ಎರಡೂ ಕೈಲೆ ಹಿಡಕೊಂಡು ನಿಂತಿದ್ದ. ಹಂಗ ಕೊಟ್ಟಿದ್ದನ್ನ ಬ್ಯಾಡ ಅನ್ನಾಕ ನನಗ ಬಾಯಿ ಬರಲಿಲ್ಲ."

ಸೀಸೆಗಳು ಬಂದ ಮೇಲೆ ಅತ್ತೆ ಅಂದು ಮೊದಲ ಬಾರಿಗೆ ಗೋದಾಮಿನೊಳಗೆ ಕಾಲಿಟ್ಟರು. ಅಕ್ಕೋರು ಮಡಕೆಯ ಬಾಯಿ ಬಿಚ್ಚಿ, ಉಪ್ಪು ಕೆದರಿ, ಒಳಗಿದ್ದದ್ದನ್ನು ನೀರು ತುಂಬಿದ ತಟ್ಟೆಗೆ ಇಳಿಸಿದ್ದರು. ಅದು ಬತ್ತಿ, ಮುದುಡಿ, ಹಳೆಯ ಚರ್ಮದ ಚೀಲದಂತಾಗಿತ್ತು. ಅವರ ಬೆರಳುಗಳು ಮೆಲ್ಲಗೆ ಅದರ ಕೈಗಳನ್ನು ಸರಿಸಿದವು. ಎಡಕ್ಕೆ ದೊಡ್ಡ ಕಣ್ಣು, ಬಲಕ್ಕೆ ಸಣ್ಣದು.

ಅಕ್ಕೋರು ಕನ್ನಡಕ ತೆಗೆದರು. ಸೆರಗಿನಿಂದ ಒರೆಸಿ ಹಾಕಿಕೊಂಡು ಮತ್ತೆ ನೋಡಿದರು. "ಊನವಲ್ಲ" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ತಂಗಿ, ನೀನು ನೋಡಿ ಹೇಳು. ನನ್ನ ಕಣ್ಣು ಬಯಸಿದ್ದನ್ನೇ ಕಾಣ್ತಾ ಇರಬಹುದು" ಅಂದರು. ನಾನು ಬಗ್ಗಿ ನೋಡಿ, ಎಡಗಣ್ಣೇ ದೊಡ್ಡದೈತ್ರಿ ಅಂದೆ. ನನ್ನ ಮಾತಿಗೆ ಯಾರಾದರೂ ಹಾಗೆ ಕಾದು ನಿಂತದ್ದು ನನ್ನ ಆಯುಷ್ಯದಲ್ಲಿ ಅದೇ ಮೊದಲು.

ಅತ್ತೆ, "ಪಾಪ, ಉಪ್ಪಿನಾಗ ಬತ್ತಿ ಹೋಗೈತಿ" ಎಂದು ಒಳಗೆ ಹೋದರು. ಬರುವಾಗ ಮಾವಿನಕಾಯಿಯ ದೊಡ್ಡ ಪಿಂಗಾಣಿ ಜಾಡಿ ತಂದರು. "ಸೀಸೆ ಇಲ್ಲಂತಿದ್ರಲ್ಲ. ಇದರಾಗ ಇಡ್ರಿ. ಮತ್ತ ನನಗ ತಿರುಗಿ ಕೊಡಬ್ಯಾಡ್ರಿ."

ಎರಡನೆಯದು ಕೈಗೆ ಬಂದ ಮೇಲೆ ಸೀಳುವ ಭಯ ಹೋಯಿತು. ಉಪ್ಪಿನದನ್ನು ಅಕ್ಕೋರು ಬಿಡಿಸಿದರು, ನಾನು ಭೂತಗನ್ನಡಿ ಹಿಡಿದೆ. ಗರಿ, ಕೊಕ್ಕು ಎಲ್ಲ ಹೊರಬಂದವು. ಬೆಂಗಳೂರಿನ ಪರಿಚಯದವರೊಬ್ಬರು ಚಿತ್ರಗಳಿದ್ದ ಒಂದು ದಪ್ಪ ಪುಸ್ತಕವನ್ನು ಎರವಲು ಕೊಡಿಸಿದರು. ಅದು ಬಂದ ಬೆಳಿಗ್ಗೆ ಅಕ್ಕೋರು ಗೋದಾಮಿನ ಬಾಗಿಲು ಹಾಕಿಕೊಂಡು ಕೂತರು. ಊಟಕ್ಕೆ ಕರೆದಾಗ ಬಾಗಿಲು ತೆಗೆದು, ಒಂದು ಚಿತ್ರ ತೋರಿಸಿದರು. ಅದೇ ಪ್ರಾಣಿ. ಅದೇ ಕಣ್ಣು. ಬೇರೆ ಯಾವುದೋ ದೂರದ ಕಡಲಲ್ಲಿ, ಬೇರೆ ಯಾರೋ, ನಾವು ಯಾರೂ ಹುಟ್ಟುವ ಮೊದಲೇ ಅದಕ್ಕೆ ಹೆಸರಿಟ್ಟಿದ್ದರು.

ನನಗೆ ಅಳು ಬರುವಂತಾಯಿತು. ಮಾವನವರೂ ಸಂಜೆ ಅಂಗಡಿಯಿಂದ ಬಂದವರು ಕೇಳಿ ಸಪ್ಪಗಾದರು. "ಹಂಗಾದ್ರ ನಮ್ಮ ಮಡಿಕಿ ಹೊತ್ತಿದ್ದು ದಂಡ ಆತೇನ್ರಿ ಅಕ್ಕೋರ?"

"ಇಲ್ಲ ಯಜಮಾನ್ರೇ. ನಿಮ್ಮ ಮಡಕೆ ಬಾರದಿದ್ದರೆ ಇದು ಕಡೆಯವರೆಗೂ ಊನ ಅಂತಲೇ ಉಳೀತಿತ್ತು. ಇದು ನಮ್ಮ ಕಡಲಲ್ಲೂ ಇದೆ ಅಂತ ಯಾರಿಗೂ ಗೊತ್ತಿರಲಿಲ್ಲ. ಈಗ ಗೊತ್ತಾಯ್ತು." ಪುಸ್ತಕ ಮುಚ್ಚಿಟ್ಟು, "ನನಗೆ ಹೊಸ ಹೆಸರಿಡುವ ಆಸೆ ಇರಲಿಲ್ಲ ಅಂದರೆ ಸುಳ್ಳಾದೀತು. ಇತ್ತು" ಅಂದರು. ಅಷ್ಟು ಹೇಳಿ ಬಾವಿಕಟ್ಟೆಗೆ ಸ್ನಾನಕ್ಕೆ ಹೋದರು. ಅವತ್ತು ರೊಟ್ಟಿಯನ್ನು ಅತ್ತೆ ತಾವೇ ಮುರಿದು ಅವರ ತಟ್ಟೆಗೆ ಹಾಕಿದರು.

ಮಾವನವರು ಮುಂದಿನ ಸಲ ಮದ್ರಾಸಿಗೆ ಹೋದಾಗ ಅಕ್ಕೋರ ಮಾತಿನಂತೆ ಕುಪ್ಪಕ್ಕೆ ಹೇಳಿ ಬಂದರು: ಎರಡು ಸಾಕು, ಇನ್ನು ಇಡುವುದು ಬೇಡ. ಕಾಲೇಜು ಮತ್ತೆ ತೆರೆದ ಮೇಲೆ ಅಕ್ಕೋರು ಪೆಟ್ಟಿಗೆಗಳ ಜೊತೆ ಹೊರಟರು. ಅದು ಊನವಲ್ಲವೆಂದು ಮುಖ್ಯಸ್ಥರು ಒಪ್ಪಲು ತಡಮಾಡಿದರಂತೆ, ಕೊನೆಗೆ ಒಪ್ಪಿದರಂತೆ. ಅತ್ತೆಯ ಜಾಡಿ ಕಾಲೇಜಿನ ಕಪಾಟು ಸೇರಿತು.

ಯುದ್ಧ ಮುಗಿದ ಮೇಲೆ ಒಮ್ಮೆ ನನ್ನ ಯಜಮಾನರ ಜೊತೆ ಮದ್ರಾಸಿಗೆ ಹೋಗಿದ್ದೆ. ಅಕ್ಕೋರು ನನ್ನನ್ನು ಬೆಳಿಗ್ಗೆ ಬೆಳಿಗ್ಗೆ ಆ ಕುಪ್ಪಕ್ಕೆ ಕರೆದುಕೊಂಡು ಹೋದರು. ಬೆಸ್ತ ಬಲೆ ಹೆಣೆಯುತ್ತಾ ಕೂತಿದ್ದ. ನಾನು ಅಂದುಕೊಂಡದ್ದಕ್ಕಿಂತ ಸಣ್ಣ ಆಳು, ಉಪ್ಪಿಗೆ ಬೆಳ್ಳಗಾದ ಹುಬ್ಬು. ಅವನ ಹಳೆಯ ಜೊತೆಗಾರ ಮತ್ತೆ ಅವನ ಕಟ್ಟುಮರಕ್ಕೇ ಬಂದಿದ್ದ. ಅದು ಶಕುನವಲ್ಲ, ಒಂದು ಜಾತಿ, ಎಲ್ಲವೂ ಹಾಗೇ ಇರುತ್ತವೆ ಎಂದು ಅಕ್ಕೋರು ಕೇರಿಯವರೆದುರಿಗೇ ಹೇಳಿ ಹೋಗಿದ್ದರಂತೆ. ನಾನಿದ್ದೇನೆಂದು ಅವನು ತೆಲುಗಿನಲ್ಲೇ ಮಾತಾಡಿದ. ಕಂಪ್ಲಿಯಲ್ಲಿ ಬೆಳೆದವಳಿಗೆ ಅಷ್ಟು ತೆಲುಗು ಬರುತ್ತಿತ್ತು.

"ಮೂರನೇದು ಸಿಕ್ಕಿತ್ತು ಅಮ್ಮ" ಅಂದ.

ಅಕ್ಕೋರು ಚಕ್ಕನೆ ತಲೆಯೆತ್ತಿದರು. "ಎಲ್ಲಿದೆ?"

"ಬಿಟ್ಟೆ. ಎರಡು ಸಾಕು ಅಂತ ಸಾಹುಕಾರರ ಕೈಲಿ ಹೇಳಿಸಿದ್ದಿರಲ್ಲ. ಇನ್ನೂ ಜೀವ ಇತ್ತು. ಗಾಳ ಬಿಡಿಸಿ ನೀರಿಗೆ ಬಿಟ್ಟೆ."

ಅಕ್ಕೋರು ಕಡಲಿನ ಕಡೆ ಮುಖ ತಿರುಗಿಸಿದರು. ಅವರಿಗೆ ಬೇಸರವಾಯಿತೆಂದು ಅವನು ತಿಳಿದ, ನಾನೂ ತಿಳಿದೆ. ಅವರು ಮರಳಲ್ಲಿ ಅವನೆದುರು ಕೂತೇಬಿಟ್ಟರು.

"ಜೀವ ಇತ್ತಾ? ಹೇಗೆ ಹೋಯಿತು ಅದು? ನಾನು ಜೀವ ಇದ್ದದ್ದನ್ನು ಒಂದು ಸಲವೂ ನೋಡಿಲ್ಲ."

ಬೆಸ್ತ ಬಲೆಯನ್ನು ತೊಡೆಯ ಮೇಲಿಂದ ಸರಿಸಿದ. ಬಲಗೈ ಚಾಚಿ, ಅಂಗೈಯನ್ನು ಒಂದು ಮಗ್ಗುಲಿಗೆ ವಾಲಿಸಿ, "ನೆಟ್ಟಗೆ ಹೋಗಲಿಲ್ಲ ಅಮ್ಮ. ಹೀಗೆ ಓರೆಯಾಗಿ. ದೊಡ್ಡ ಕಣ್ಣು ಮೇಲಕ್ಕೆ, ಸಣ್ಣದು ಕೆಳಕ್ಕೆ" ಎಂದು ಕೈಯನ್ನು ನಿಧಾನವಾಗಿ ಕೆಳಗಿಳಿಸಿದ.

"ಇನ್ನೊಮ್ಮೆ ತೋರಿಸು" ಅಂದರು ಅಕ್ಕೋರು.

ಅವನು ಮತ್ತೆ ತೋರಿಸಿದ. ಈ ಸಲ ಅವರೂ ಕೈ ಚಾಚಿದರು. ಅವನ ಕಪ್ಪು ಕೈಯ ಪಕ್ಕದಲ್ಲಿ, ಹಳದಿಗಟ್ಟಿದ ಬೆರಳುಗಳ ಅವರ ಕೈ ಅದೇ ಓರೆಯಲ್ಲಿ ವಾಲಿ, ಮರಳಿನ ಕಡೆ ಮೆಲ್ಲಗೆ ಇಳಿಯುತ್ತಾ ಹೋಯಿತು.